ನೆಟ್ಟಗಾದ ಕುರ್ಚಿ

ನನ್ನ ಹೆಂಡತಿಯ ತಮ್ಮ ಡಿಜಿಟಲ್ ಕ್ಯಾಮೆರಾ ಕೊಂಡ ದಿನದಿಂದ ನಮ್ಮ ಮನೆಯಲ್ಲಿ ಯಾರೂ ನೆಮ್ಮದಿಯಾಗಿ ಊಟ ಮಾಡಿಲ್ಲ. ತುತ್ತು ಬಾಯಿಗೆ ಹೋಗುವಷ್ಟರಲ್ಲಿ "ಹಾಗೇ ಇರಿ, ಬೆಳಕು ಚೆನ್ನಾಗಿದೆ" ಅನ್ನುತ್ತಾನೆ. ಜೊತೆಗೆ ಫೋಟೋ ತೆಗೆಯುವ ವಿದ್ಯೆಯ ದಪ್ಪ ಪುಸ್ತಕವೊಂದನ್ನೂ ತಂದಿದ್ದ. ಅದನ್ನು ಓದಿದ ಮೇಲೆ ಅವನ ಕಣ್ಣಿಗೆ ಲೋಕದಲ್ಲಿ ಯಾವುದೂ ಇರಬೇಕಾದ ಜಾಗದಲ್ಲಿರಲಿಲ್ಲ. ಮೇಜು ಸರಿಸಿದ, ಕಿಟಕಿಯ ಪರದೆ ಸರಿಸಿದ, ಅಕ್ಕನನ್ನು ಬೆಳಕಿನ ಕಡೆಗೆ ಸರಿಸಿದ. ಕೊನೆಗೆ ಹಿನ್ನೆಲೆ ಕೆಡುತ್ತದೆ ಎಂದು ನನ್ನನ್ನೂ ಸರಿಸಿದ.

ನಾನು ಬಡಗಿ, ಕುರ್ಚಿ ಮಾಡುವವನು. ಕುರ್ಚಿಯ ಬೆನ್ನು ನಾಲ್ಕು ಬೆರಳು ಹಿಂದಕ್ಕೆ ವಾಲಿರಬೇಕು ಎಂಬುದು ಅಪ್ಪ ಕಲಿಸಿದ ಪಾಠ. ಮೂರಾದರೆ ಬೆನ್ನು ನೋಯುತ್ತದೆ, ಐದಾದರೆ ನಿದ್ದೆ ಬರುತ್ತದೆ. ಆ ಒಂದು ಬೆರಳಿನ ವ್ಯತ್ಯಾಸ ಕೈಗೆ ಹತ್ತಲು ನನಗೆ ಹನ್ನೊಂದು ವರ್ಷ ಹಿಡಿಯಿತು. ಆದರೆ ನನ್ನ ಕುರ್ಚಿಗಳೆಲ್ಲ ಹೋಗಿದ್ದು ಅಂಗಡಿಗಳಿಗೆ. ಅಲ್ಲಿ ಜನ ಐದು ನಿಮಿಷ ಕೂತು ಎದ್ದುಹೋಗುತ್ತಾರೆ. ಇಡೀ ದಿನ ಕೂರುವವರಿಗೆ ಕುರ್ಚಿ ಮಾಡಬೇಕೆಂಬುದು ನನ್ನ ಬಹುಕಾಲದ ಆಸೆ. ಹಾಗಾಗಿ ಗ್ರಂಥಾಲಯದ ಹೊಸ ಓದುವ ಕೋಣೆಗೆ ನಲವತ್ತು ಕುರ್ಚಿ ಬೇಕು, ಮಾದರಿಯ ಫೋಟೋ ಕಳಿಸಿ ಎಂಬ ಪ್ರಕಟಣೆ ಕಂಡಾಗ ಹಿಗ್ಗಿಹೋದೆ.

"ಫೋಟೋ ನನಗೆ ಬಿಡಿ ಭಾವ," ಅಂದ ಭಾಮೈದ.

ಎರಡು ದಿನ ನನ್ನ ಕೆಲಸ ನಿಂತಿತು. ಫ್ಲ್ಯಾಶ್ ಹಾಕಿದರೆ ಪಾಲಿಶ್ ಮಿಂಚಿ ಕಣ್ಣಿಗೆ ಹೊಡೆಯುತ್ತದೆಂದು ಬೆಳಗಿನ ಬೆಳಕಿಗೆ ಕಾದ. ಹಿಂದಿದ್ದ ಹಲಗೆಗಳನ್ನೆಲ್ಲ ನನ್ನಿಂದಲೇ ಹೊರಗೆ ಹಾಕಿಸಿದ. ಕೈ ನಡುಗಬಾರದೆಂದು ಕ್ಯಾಮೆರಾವನ್ನು ಮೂರು ಕಾಲಿನ ಸ್ಟ್ಯಾಂಡಿಗೆ ಬಿಗಿದು, ಗರಗಸದ ಹುಡಿಯಲ್ಲಿ ಮಂಡಿಯೂರಿ, ಕುರ್ಚಿಯ ಮಟ್ಟಕ್ಕೇ ಇಳಿದು ಕ್ಲಿಕ್ಕಿಸಿದ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಮರದ ಒಂದೊಂದು ಎಳೆಯೂ ಕಾಣುತ್ತಿತ್ತು. ಮಂಗನ ಕೈಗೆ ಮಾಣಿಕ್ಯ ಎಂದು ಇವನನ್ನು ಆಡಿಕೊಂಡಿದ್ದಕ್ಕೆ ನಾಚಿಕೆಯಾಯಿತು. ಅವನೇ ಗ್ರಂಥಾಲಯಕ್ಕೆ ಇಮೇಲ್ ಮಾಡಿದ.

ಹದಿನೈದು ದಿನದಲ್ಲಿ ಒಪ್ಪಿಗೆ ಬಂತು. ಕುರ್ಚಿಯನ್ನು ಹೆಗಲ ಮೇಲೆ ಹೊತ್ತುಕೊಂಡೇ ಹೋಗಿ ಗ್ರಂಥಪಾಲಕರ ಮುಂದೆ ಇಟ್ಟೆ. ಅವರು ಮೇಜಿನ ಮೇಲಿದ್ದ ಫೋಟೋ ನೋಡಿದರು, ಕುರ್ಚಿ ನೋಡಿದರು.

"ಇದಲ್ವಲ್ಲ. ಇದು ವಾಲಿದೆ."

ಫೋಟೋ ಇಸಿದುಕೊಂಡು ನೋಡಿದೆ. ಮರ ನನ್ನದೇ, ಕಾಲು ನನ್ನದೇ, ಬೆನ್ನು ಮಾತ್ರ ಗೋಡೆಯ ಹಾಗೆ ನೆಟ್ಟಗಿತ್ತು.

"ಒಂದ್ಸಲ ಕೂತು ನೋಡಿ ಸಾರ್."

"ಕೂರೋಕೆ ಪುರುಸೊತ್ತೆಲ್ಲಿದೆ ಮಾರಾಯ್ರೇ? ಕಮಿಟಿ ಒಪ್ಪಿರೋದು ಈ ಫೋಟೋನ. ಇದರಲ್ಲಿರೋ ಹಾಗೇ ಮಾಡಿಕೊಡಿ, ಇಲ್ಲದಿದ್ರೆ ಬೇರೆಯವರಿದ್ದಾರೆ."

ಮನೆಗೆ ಬಂದು ಭಾಮೈದನನ್ನು ಹಿಡಿದೆ. ಅವನು ದನಿ ತಗ್ಗಿಸಿದ. "ಕುರ್ಚಿ ಸ್ವಲ್ಪ ವಾಲಿತ್ತು ಭಾವ. ಕಂಪ್ಯೂಟರಲ್ಲಿ ಬೆನ್ನು ಮಾತ್ರ ಹಿಡಿದು ನೆಟ್ಟಗೆ ಎಳೆದೆ. ನಿಮ್ಮ ಕೈ ತಪ್ಪಿದೆ ಅಂತ ಹೇಳಿ ಮನಸ್ಸು ನೋಯಿಸೋದ್ಯಾಕೆ ಅಂತ ಸುಮ್ನಿದ್ದೆ."

"ಪಾಪ, ನಿಮ್ಮ ಮರ್ಯಾದೆ ಉಳೀಲಿ ಅಂತ ತಾನೇ ಮಾಡಿದ್ದು," ಅಂದಳು ನನ್ನಾಕೆ. ನಾಯಿ ಬಾಲ ನೆಟ್ಟಗಾಗುವುದಿಲ್ಲ ಎಂದವರು ಇವನ ಕಂಪ್ಯೂಟರ್ ನೋಡಿಲ್ಲ.

ಆಗಲ್ಲ ಎಂದು ಆ ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಓದುವವರು ಕೂರುವ ಜಾಗದಲ್ಲಿ ನನ್ನ ಕುರ್ಚಿ ಇರಲಿ ಎಂಬ ಆಸೆ ಮಾನಕ್ಕಿಂತ ದೊಡ್ಡದಾಯಿತು. ಮೂವತ್ತೊಂಬತ್ತು ಕುರ್ಚಿಗಳನ್ನು ಫೋಟೋ ಮುಂದಿಟ್ಟುಕೊಂಡು ನೆಟ್ಟಗೆ ಮಾಡಿದೆ. ಅಪ್ಪ ಇದ್ದಿದ್ದರೆ ಉಳಿ ಕಸಿದುಕೊಳ್ಳುತ್ತಿದ್ದ. ನಲವತ್ತನೆಯದಕ್ಕೆ ಕೈ ಮಾತು ಕೇಳಲಿಲ್ಲ, ನಾಲ್ಕು ಬೆರಳು ವಾಲಿಸಿಬಿಟ್ಟೆ. ಅದನ್ನು ಹಿಂದಿನ ಸಾಲಿನ ಮೂಲೆಯಲ್ಲಿಟ್ಟು ಬಂದೆ.

ತಿಂಗಳ ಮೇಲೆ ಗ್ರಂಥಪಾಲಕರು ಫೋನ್ ಮಾಡಿದರು. "ಒಂದು ಕುರ್ಚಿ ಕೆಟ್ಟಿದೆ. ಬಾಗಿಲು ತೆಗೆಯೋ ಮೊದಲೇ ಅದೊಂದಕ್ಕೆ ಜನ ಬಂದು ನಿಲ್ತಾರೆ, ದಿನಾ ಜಗಳ. ಉಳಿದವುಗಳ ಹಾಗೆ ಸರಿಮಾಡಿಕೊಡಿ. ಕಮಿಟಿಗೆ ತೋರಿಸೋಕೆ ಒಂದು ಫೋಟೋನೂ ಬೇಕು."

ನಾನು ಗರಗಸ ಹಿಡಿದು ಹೋದೆ, ಭಾಮೈದ ಕ್ಯಾಮೆರಾ ಹಿಡಿದು ಬಂದ. ಮೂಲೆಯ ಕುರ್ಚಿಯಲ್ಲಿ ವಯಸ್ಸಾದ ಹೆಂಗಸೊಬ್ಬರು ಚಪ್ಪಲಿ ಬಿಟ್ಟು, ಒಂದು ಕಾಲು ಮಡಚಿಕೊಂಡು ಓದುತ್ತಿದ್ದರು. ನಾವು ಬಂದದ್ದು ಅವರಿಗೆ ಗೊತ್ತೇ ಆಗಲಿಲ್ಲ. ಗ್ರಂಥಪಾಲಕರು ಎಬ್ಬಿಸಲು ಹೊರಟರು.

"ಆ ಪುಟ ಮುಗೀಲಿ ಸಾರ್," ಎಂದು ತಡೆದೆ.

ಪಕ್ಕದಲ್ಲಿದ್ದ ಕುರ್ಚಿಯಲ್ಲಿ ಕೂತು ಕಾದೆ. ಪುಟ ಮುಗಿಯಿತು, ಅವರು ಮುಂದಿನದಕ್ಕೆ ಹೋದರು. ಇಪ್ಪತ್ತು ನಿಮಿಷಕ್ಕೇ ನನ್ನ ಬೆನ್ನು ಹಿಡಿದುಕೊಂಡಿತು. ಇಂಥದ್ದನ್ನು ಮೂವತ್ತೊಂಬತ್ತು ಮಾಡಿದ ಕೈಗೆ ಬರೆ ಹಾಕಬೇಕು ಅನ್ನಿಸಿತು. ಆದರೂ ಆ ಹೆಂಗಸಿನ ಕಡೆ ನೋಡಿದಾಗಲೆಲ್ಲ ಆಗುತ್ತಿದ್ದ ಸಂತೋಷವನ್ನು ಅದುಮಿಡಲು ಆಗಲಿಲ್ಲ. ಭಾಮೈದ ಮಂಡಿಯೂರಿ ಎಡಕ್ಕೆ ಸರಿದ, ಬಲಕ್ಕೆ ಸರಿದ, ಕ್ಯಾಮೆರಾ ಇಳಿಸಿದ.

"ಅವರು ಅಡ್ಡ ಆಗ್ತಾರೆ ಭಾವ, ಕುರ್ಚಿನೇ ಕಾಣಲ್ಲ," ಎಂದು ಪಿಸುಗುಟ್ಟಿದ. "ಅವರು ಎದ್ದರೆ ಫೋಟೋ ಚೆನ್ನಾಗಿ ಬರುತ್ತೆ."

"ಅವರು ಏಳಲ್ಲ ಕಣೋ," ಅಂದೆ.