ಕತ್ತರಿಸಿದ ಜಿಂಕೆಕಿವಿ

ಯಾರ ಕಣ್ಣಿಗೂ ಬೀಳದಿರಲೆಂದು ಓಕ್‌ಜು ಕಾರನ್ನು ಮುಚ್ಚಿದ್ದ ಮೀನಿನ ಹೋಟೆಲಿನ ಹಿಂದಕ್ಕೆ ತಿರುಗಿಸಿದಳು. ಅಲ್ಲಿ ಆಗಲೇ ಒಂದು ಕಾರು ಅಡಗಿ ನಿಂತಿತ್ತು. ಬಿಳಿ ಬಣ್ಣ, ಹಿಂದಿನ ಗಾಜಿನ ಮೇಲೆ ಕಾಡುಹೂ ಛಾಯಾಚಿತ್ರ ಸಂಘದ ಚೀಟಿ, ಎಡಗಡೆ ಬಂಪರಿನಲ್ಲಿ ತಗ್ಗು. ದಾಲ್ಸುವಿನ ಕಾರು.

ಹಿಂದಿನ ಸಂಜೆ ಅವನೇ ಫೋನಿನಲ್ಲಿ ಹೇಳಿದ್ದ. "ನಾಳೆ ಬಿಸಿಲಿಲ್ಲ ಟೀಚರಮ್ಮ. ಮಂಡಿ ಬೇರೆ ಹಿಡ್ಕೊಂಡಿದೆ. ನಾನಂತೂ ಮನೇಲಿ ಕಾಯಿಸಿದ ಬೆಚ್ಚಗಿರೋ ನೆಲ ಬಿಟ್ಟು ಏಳಲ್ಲ. ಭಾನುವಾರ ಬಿಸಿಲು ಬರುತ್ತಂತೆ, ಇಬ್ರೂ ಒಟ್ಟಿಗೆ ಹೋಗೋಣ."

"ನಂಗೂ ನಾಳೆ ಕಿಮ್ಚಿ ಡಬ್ಬಿಗಳನ್ನೆಲ್ಲ ತೊಳೆಯೋದಿದೆ" ಎಂದು ಅವಳೂ ಅಷ್ಟೇ ಸಲೀಸಾಗಿ ಸುಳ್ಳು ಹೇಳಿದ್ದಳು.

ಇಳಿದು ಅವನ ಕಾರಿನ ಬಾನೆಟ್ ಮುಟ್ಟಿ ನೋಡಿದಳು. ತಣ್ಣಗಿತ್ತು. ಬಂದು ಬಹಳ ಹೊತ್ತಾಗಿದೆ.

ಯಾಂಗ್‌ಪ್ಯೊಂಗ್ ಕಡೆಯ ಆ ಕಣಿವೆಯ ಮೇಲೆ ಮೋಡ ಕದಲದೆ ಮುಚ್ಚಿಕೊಂಡಿತ್ತು. ಇಂಥ ದಿನ ಹೂವಿನ ಚಿತ್ರ ತೆಗೆಯುವವರು ಯಾರೂ ಬೆಟ್ಟ ಹತ್ತುವುದಿಲ್ಲ. ಜಿಂಕೆಕಿವಿ ಹೂವಿನ ಚೆಲುವೆಲ್ಲ ಇರುವುದು ಅದರ ತೊಟ್ಟಿನ ಮೇಲಿನ ನವಿರಾದ ರೋಮದಲ್ಲಿ. ಹಿಂದಿನಿಂದ ಬಿಸಿಲು ಬಿದ್ದರೆ ತೊಟ್ಟಿನ ಸುತ್ತ ಬೆಳ್ಳಿಯ ಅಂಚು ಹೊತ್ತಿಕೊಂಡಂತಾಗುತ್ತದೆ. ಬಿಸಿಲಿಲ್ಲದಿದ್ದರೆ ರೋಮವೂ ಕಾಣದು, ಎಸಳುಗಳೂ ಅರ್ಧ ಮುದುಡಿಕೊಂಡಿರುತ್ತವೆ. ಹೀಗಿರುವಾಗ ಈ ಹೊತ್ತು ಇಲ್ಲಿಗೆ ಬಂದವನಿಗೆ ಚಿತ್ರ ಬೇಕಾಗಿಲ್ಲ. ಮತ್ತೇನು ಬೇಕು?

ಆ ಪ್ರಶ್ನೆ ಓಕ್‌ಜುವಿನೊಳಗೆ ಹೋದ ವರ್ಷದಿಂದ ಕೂತಿತ್ತು. ಮೇಲಿನ ಇಳಿಜಾರಿನಲ್ಲಿ, ಓಕ್ ಮರದ ಬೇರುಗಳ ನಡುವೆ, ಅಪರೂಪದ ಕಡುನೀಲಿ ಜಿಂಕೆಕಿವಿಯ ಒಂದೇ ಒಂದು ಗೊಂಚಲು ಇದೆ. ಕಂಡುಹಿಡಿದವಳು ಅವಳು. ತೋರಿಸಿದ್ದು ದಾಲ್ಸುವಿಗೆ ಮಾತ್ರ. ಗಂಡ ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಾರದಿದ್ದವಳನ್ನು ಬೆಟ್ಟಕ್ಕೆ ಎಳೆದುಕೊಂಡು ಬಂದವನು ಅವನು, ರೈಲಿನ ಡ್ರೈವರಾಗಿ ನಿವೃತ್ತನಾದವನು. ಅಂದಿನಿಂದ ಪ್ರತಿ ವಸಂತದಲ್ಲೂ ಇಬ್ಬರೂ ಜೊತೆಯಾಗಿ ತರಗೆಲೆಯ ಮೇಲೆ ಬೋರಲಾಗಿ ಮಲಗಿ ಹೂ ನೋಡಿದ್ದರು. ಹೋದ ವರ್ಷ ಇಬ್ಬರೂ ಆ ನೀಲಿ ಗೊಂಚಲಿನ ಚಿತ್ರ ತೆಗೆದರು. ಕೆಲವು ದಿನ ಬಿಟ್ಟು ಅವಳೊಬ್ಬಳೇ ಬಂದಾಗ ಹೂಗಳಿರಲಿಲ್ಲ. ತೊಟ್ಟುಗಳು ಓರೆಯಾಗಿ, ನುಣುಪಾಗಿ ಕತ್ತರಿಸಿದಂತಿದ್ದವು.

ಸಂಘದಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಆಡದ ಕೊಳಕು ಅದು. ತನ್ನ ಚಿತ್ರ ಮುಗಿದ ಮೇಲೆ ಹೂವನ್ನು ಚಿವುಟಿಬಿಡುವುದು. ಆಮೇಲೆ ಬಂದವನಿಗೆ ಅದು ಸಿಗಬಾರದು, ಜಗತ್ತಿನಲ್ಲಿ ಆ ಹೂವಿನ ಚಿತ್ರ ತನ್ನದೊಂದೇ ಇರಬೇಕು. ಚಿತ್ರ ಚೆನ್ನಾಗಿ ಬರಲೆಂದು ಎಲೆಗಳ ಹೊದಿಕೆ ಕೆರೆದು ಬೇರನ್ನು ಮಂಜಿಗೆ ಒಡ್ಡುವವರನ್ನು ಕಂಡಿದ್ದಳು, ಸೀಸೆಯಿಂದ ಸುಳ್ಳು ಇಬ್ಬನಿ ಎರಚುವವರನ್ನೂ ಕಂಡಿದ್ದಳು. ದಾಲ್ಸು ಅಂಥವನಲ್ಲ ಎಂದುಕೊಂಡಿದ್ದಳು. ಆದರೆ ಆ ಜಾಗ ಗೊತ್ತಿದ್ದದ್ದು ಇಬ್ಬರಿಗೆ. ಇಬ್ಬರಲ್ಲಿ ಒಬ್ಬಳು ತಾನು.

ಈ ಸಲವೂ ಗೊಂಚಲು ಮೊಗ್ಗು ಬಿಟ್ಟಿತ್ತು. ಅದನ್ನು ಕಾಯಲೆಂದೇ ಅವಳು ಬಂದದ್ದು. ಅವನ ಕೈಯಲ್ಲಿ ಕತ್ತರಿ ಕಂಡರೆ ಇವತ್ತೇ ಸಂಘದ ಅಧ್ಯಕ್ಷೆಗೆ ಹೇಳಿಬಿಡಬೇಕು, ಇನ್ನು ಅವನ ಮುಖ ನೋಡಬಾರದು ಎಂದು ತೀರ್ಮಾನಿಸಿದಳು. ಇಳಿಜಾರು ಹತ್ತತೊಡಗಿದಳು. ಅವನಿಲ್ಲದ ವಸಂತ ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತು.

ಒದ್ದೆ ಎಲೆಗಳು ಸದ್ದು ಮಾಡಲಿಲ್ಲ. ದೊಡ್ಡ ಓಕ್ ಮರದ ಮರೆಗೆ ನಿಂತು ಇಣುಕಿದಳು. ದಾಲ್ಸು ಗೊಂಚಲಿನ ಮುಂದೆ ಬೋರಲಾಗಿ ಬಿದ್ದಿದ್ದ. ಮಂಡಿನೋವಿನ ಮನುಷ್ಯನಂತೇನೂ ಕಾಣಲಿಲ್ಲ. ಮೊಣಕೈ ಅಲುಗಿತು. ಟಿಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಿಕ್.

"ಡ್ರೈವರ್ ಸಾಹೇಬ್ರೇ, ಬೆಚ್ಚಗಿರೋ ನೆಲ ಇಲ್ಲೇ ಸಿಕ್ತಾ?"

ಅವನು ಬೆಚ್ಚಿ ಹೊರಳಿದ. ಕೈಯಲ್ಲಿ ಕತ್ತರಿ ಇರಲಿಲ್ಲ. ಚಿತ್ರ ತೆಗೆಯಲು ಕ್ಯಾಮೆರಾಕ್ಕೆ ಸಿಕ್ಕಿಸಿದ ತಂತಿಯ ಗುಂಡಿ ಇತ್ತು. ಆದರೆ ಅವನ ಮುಖದಲ್ಲಿ ಸಿಕ್ಕಿಬಿದ್ದವನ ಅಳುಕೇ ಇರಲಿಲ್ಲ. ಕಳ್ಳನನ್ನು ಹಿಡಿದವನ ಗತ್ತಿತ್ತು.

"ಬಂದ್ರಾ?" ಎಂದ. "ಬರ್ತೀರಿ ಅಂತ ಗೊತ್ತಿತ್ತು. ಡಬ್ಬಿ ತೊಳೆದಾಯ್ತಾ?"

"ಏನು ಮಾಡ್ತಿದ್ದೀರಿ ಇಲ್ಲಿ?"

"ನೀವೇ ನೋಡಿ." ಅವನು ಪಕ್ಕಕ್ಕೆ ಸರಿದ.

ಗೊಂಚಲಿನಲ್ಲಿ ಎರಡು ಮೊಗ್ಗು ತಲೆ ತಗ್ಗಿಸಿಕೊಂಡು ನಿಂತಿದ್ದವು. ಉಳಿದವು ಬರೀ ತೊಟ್ಟು. ಅದೇ ಓರೆ, ಅದೇ ನುಣುಪು. ಓಕ್‌ಜುವಿಗೆ ಮೈಯೆಲ್ಲ ಉರಿಯಿತು.

"ಛೀ! ಎಷ್ಟು ಧೈರ್ಯ ನಿಮಗೆ! ಕತ್ತರಿಸಿದ್ದೂ ಅಲ್ದೆ ನಂಗೇ ತೋರಿಸ್ತೀರಲ್ಲ!"

"ನಾನಾ? ನಾನು ಬಂದಾಗಲೇ ಹೀಗಿತ್ತು. ನಿನ್ನೆ ಬಂದು ಹೋದವರು ಯಾರು ಅಂತ ನೀವೇ ಹೇಳ್ಬೇಕು ಟೀಚರಮ್ಮ."

"ನಾನು ನಿನ್ನೆ ಮನೇಲಿದ್ದೆ!"

"ಇವತ್ತೂ ಮನೇಲೇ ಇದ್ದೀರಲ್ಲ."

ಅವನು ಎದ್ದು ಕೂತು ಅಂಗಿಗಂಟಿದ ಎಲೆ ಕೊಡವಿಕೊಂಡ. "ಹೋದ ವರ್ಷವೂ ನಾನು ನೋಡಿದ್ದೆ. ಯಾರಿಗೂ ಹೇಳ್ಲಿಲ್ಲ. ಆಮೇಲೆ ಸಂಘದ ಪ್ರದರ್ಶನದಲ್ಲಿ ನೀಲಿ ಹೂವಿನ ಚಿತ್ರ ಇದ್ದದ್ದು ಒಂದೇ. ನಿಮ್ದು. ಎಲ್ರೂ ಅದರ ಮುಂದೆ ನಿಂತು ಆಹಾ ಅಂತಿದ್ರು. ನಂದೆಲ್ಲ ಅಲುಗಾಡಿ ಹೋಗಿತ್ತು. ಮತ್ತೆ ತೆಗೆಯೋಣ ಅಂತ ಬಂದ್ರೆ ಹೂವೇ ಇಲ್ಲ. ನಾನೇನು ತಿಳ್ಕೋಬೇಕಿತ್ತು?"

"ಅಂದ್ರೆ ಇಡೀ ವರ್ಷ ನನ್ನ ಜೊತೆ ಬೆಟ್ಟ ಹತ್ತಿದ್ದು ಹೀಗೆ ಅಂದ್ಕೊಂಡೇನಾ?"

"ನೀವು?"

ಬೇಸಿಗೆಯಲ್ಲಿ ಲಿಲ್ಲಿ ಹೂ ನೋಡಲು ಹೋದಾಗ ಅವನು ತನಗೆ ಪದೇ ಪದೇ "ನೀವು ಮುಂದೆ ನಡೀರಿ, ನಾನು ಹಿಂದಿರ್ತೀನಿ" ಎಂದದ್ದು ಅವಳಿಗೆ ನೆನಪಾಯಿತು. ಮರ್ಯಾದೆಯೆಂದುಕೊಂಡಿದ್ದಳು. ಅವಳು ದಾಟಿದ ಮೇಲೆ ಹೂವೆಲ್ಲ ಇವೆಯೇ ಎಂದು ಅವನು ಎಣಿಸಿರಬೇಕು. ತಾನೂ ಅದನ್ನೇ ಮಾಡಿದ್ದಳಲ್ಲ.

"ಇವತ್ತು ಯಾಕೆ ಬಂದ್ರಿ ಹಾಗಾದ್ರೆ?" ಅವಳ ದನಿ ತಗ್ಗಿತ್ತು.

"ಮೋಡದ ದಿನ ಬರೋರು ಕತ್ತರಿ ಹಿಡ್ಕೊಂಡೇ ಬರೋದು. ಸಾಕ್ಷಿಗೆ ಫೋಟೋ ತೆಗೀತಿದ್ದೆ."

"ಕೊಡಿ ಇಲ್ಲಿ ಕ್ಯಾಮೆರಾ."

"ಅಳಿಸಿಬಿಡೋಕಾ?"

"ನೋಡೋಕೆ. ನೀವೇ ಕ್ಯಾಮೆರಾದ ಪಟ್ಟಿ ಹಿಡ್ಕೊಂಡಿರಿ, ಓಡಿಹೋಗಲ್ಲ."

ಅವನು ನಿಜವಾಗಿಯೂ ಪಟ್ಟಿಯನ್ನು ಬಿಡದೆಯೇ ಕ್ಯಾಮೆರಾ ಚಾಚಿದ. ಅವಳು ಪರದೆಗೆ ಕಣ್ಣು ತಂದಳು. ಸಾಕ್ಷಿಯ ಚಿತ್ರವಾದ್ದರಿಂದ ಅವನು ಎಂದಿನಂತೆ ಹಿನ್ನೆಲೆಯನ್ನು ಮಸುಕುಗೊಳಿಸಿರಲಿಲ್ಲ. ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯನ್ನು ಪೂರ್ತಿ ಕಿರಿದಾಗಿಸಿ, ಮುಕ್ಕಾಲಿಯ ಮೇಲಿಟ್ಟು, ಮುಂದಿನಿಂದ ಹಿಂದಿನವರೆಗೆ ಎಲ್ಲವೂ ಸ್ಫುಟವಾಗಿ ಬೀಳುವಂತೆ ತೆಗೆದಿದ್ದ. ಮೋಡದ ಬೆಳಕು ಎಲ್ಲದರ ಮೇಲೂ ಒಂದೇ ಸಮನಾಗಿ ಬಿದ್ದಿತ್ತು. ಹೊಳಪಿಲ್ಲ, ಕಪ್ಪು ನೆರಳಿಲ್ಲ. ಚಿತ್ರವೆಂದು ನೋಡಿದರೆ ಯಾರಿಗೂ ಬೇಡದ್ದು.

ಓಕ್‌ಜು ಅದನ್ನು ಹಿಗ್ಗಿಸಿ ಅಂಚಿನಿಂದ ಅಂಚಿಗೆ ಸರಿಸಿದಳು. ಮಕ್ಕಳ ಉತ್ತರಪತ್ರಿಕೆ ನೋಡಿದ ಹಳೆಯ ರೂಢಿ, ಮೂಲೆಯನ್ನೂ ಬಿಡುವವಳಲ್ಲ. ತೊಟ್ಟುಗಳ ಹಿಂದೆ ಒಂದು ಕುರುಚಲು ಗಿಡವಿತ್ತು. ಹೋದ ವರ್ಷ ಅದು ಇಬ್ಬರ ಚಿತ್ರದಲ್ಲೂ ಬರೀ ಕಂದು ಮಬ್ಬಾಗಿತ್ತು. ಈಗ ಅದರ ಕಡ್ಡಿಗಳು ಕಾಣುತ್ತಿದ್ದವು. ಕಡ್ಡಿಗಳ ತುದಿಗಳೂ ಓರೆಯಾಗಿ ಕತ್ತರಿಸಿದಂತಿದ್ದವು.

"ಈ ಗಿಡ ಯಾಕೆ ಕತ್ತರಿಸಿದ್ರಿ?" ಎಂದಳು ಅಭ್ಯಾಸಬಲದಿಂದ.

"ಯಾವ ಗಿಡ?"

ಇಬ್ಬರೂ ಒಟ್ಟಿಗೇ ಬೋರಲು ಬಿದ್ದರು. ಕಡ್ಡಿಗಳು ಪೆನ್ಸಿಲಿನಷ್ಟು ದಪ್ಪವಿದ್ದವು. ಕಡಿದ ಮುಖದ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೀರು. ಕತ್ತರಿ ಅಂಥ ಗೀರು ಬಿಡುವುದಿಲ್ಲ. ಓಕ್‌ಜು ಕೈಯಿಂದ ಎಲೆಗಳನ್ನು ಸರಿಸಿದಳು. ಒತ್ತಿ ಉಂಡೆ ಕಟ್ಟಿದ ಮರದ ಹೊಟ್ಟಿನಂಥ ಹಿಕ್ಕೆಗಳು ರಾಶಿಯಾಗಿ ಬಿದ್ದಿದ್ದವು.

"ಮೊಲ" ಎಂದಳು.

"ಮೊಲಾನಾ?"

"ಮೊಲದ ಹಲ್ಲು ಹೀಗೇ ಓರೆಯಾಗಿ, ಚಾಕು ಹಾಕಿದ ಹಾಗೆ ಕತ್ತರಿಸೋದು. ಜಿಂಕೆಯಾದ್ರೆ ಹರಿದ ಹಾಗಿರುತ್ತೆ. ವರ್ಷಾ ವರ್ಷಾ ಮಕ್ಕಳಿಗೆ ಪಾಠ ಮಾಡಿದೀನಿ ಇದನ್ನ." ಅವಳ ಕಿವಿ ಬಿಸಿಯಾಯಿತು. "ಹೂವು ಕೆಳಗೆ ಬಿದ್ದಿರಲಿಲ್ಲ. ಚಿವುಟೋನು ಹೂವನ್ನ ಯಾಕೆ ಹೊತ್ಕೊಂಡು ಹೋಗ್ತಾನೆ ಅಂತಲೂ ನಂಗೆ ಹೊಳೀಲಿಲ್ಲ."

"ನಿಮಗೆ ಮೊಲ ಹೊಳೀಲಿಲ್ಲ. ನಾನು ಹೊಳೆದೆ."

"ನಿಮಗೆ ನಾನು."

ದಾಲ್ಸು ಹಿಕ್ಕೆಯೊಂದನ್ನು ಬೆರಳಲ್ಲಿ ಹಿಡಿದು ನೋಡಿದ. "ಈ ಮಹಾಶಯ ನಮ್ಮ ಸಂಘದ ಸದಸ್ಯನೇ ಇರ್ಬೇಕು. ಬರೋದೂ ಮೋಡದ ದಿನ, ಯಾರಿಗೂ ಹೇಳದೆ." ನಗಿಸಲೆಂದು ಆಡಿದ ಮಾತಿಗೆ ಅವನೇ ನಗಲಿಲ್ಲ.

ಉಳಿದ ಎರಡು ಮೊಗ್ಗುಗಳ ಸುತ್ತ ಮುಳ್ಳಿನ ಕಡ್ಡಿ ನೆಟ್ಟರು. ಬಂಡೆಯ ಮೇಲೆ ಕೂತು ಅವಳು ತಂದಿದ್ದ ಕಿಂಬಾಪ್ ಹಂಚಿಕೊಂಡರು. ಅನ್ನದ ಸುರುಳಿ ತಣ್ಣಗಾಗಿ ಬಿಗಿದಿತ್ತು. ಅವನು ಬಾರ್ಲಿ ಚಹಾ ಬಗ್ಗಿಸಿ ಕೊಟ್ಟ. ಎಂದಿನಂತೆ ಎರಡೂ ಕೈಯಿಂದ ಲೋಟ ತೆಗೆದುಕೊಂಡಳು. ತಪ್ಪು ಯಾರದ್ದೂ ಅಲ್ಲವೆಂದು ತಿಳಿದಿತ್ತು, ಆದರೆ ಒಂದು ವರ್ಷ ಈ ಮನುಷ್ಯ ತನ್ನನ್ನು ಏನೆಂದು ನೋಡಿದನೆಂಬುದೂ ತಿಳಿದಿತ್ತು. ಅವನಿಗೂ ತಿಳಿದಿತ್ತು. ಅದನ್ನು ಮೊಲದ ತಲೆಗೆ ಕಟ್ಟುವಂತಿರಲಿಲ್ಲ.

ಕೆಳಗೆ ಕಾರುಗಳ ಬಳಿ ಅವನು ಸ್ವಲ್ಪ ಹೊತ್ತು ಕೀಲಿ ಗಲಗಲಿಸುತ್ತ ನಿಂತ.

"ಟೀಚರಮ್ಮ, ನಂಗೂ ಒಂದು ಜಾಗ ಗೊತ್ತು. ನೀಲಿ ಜಿಂಕೆಕಿವಿ, ಇಡೀ ದಿಬ್ಬ ತುಂಬಾ. ಯಾರಿಗೂ ತೋರಿಸಿಲ್ಲ, ನಿಮಗೂ. ತಪ್ಪಾಯ್ತು. ಭಾನುವಾರ ಅಲ್ಲಿಗೇ ಹೋಗೋಣ."

ಅವಳ ಎದೆ ಹಾರಿತು. ದಿಬ್ಬ ತುಂಬಾ ನೀಲಿ. ಅಂಥದ್ದನ್ನು ಒಮ್ಮೆ ಕಂಡರೆ ಸಾಕೆಂದು ಇವನೆದುರಿಗೇ ಎಷ್ಟು ಸಲ ಹೇಳಿದ್ದಳು! ಅಷ್ಟು ಸಲವೂ ಅವನು ಹ್ಞೂಂಗುಟ್ಟಿ ಸುಮ್ಮನಿದ್ದನೇ?

"ಬೇಡ" ಎಂದಳು.

"ಯಾಕೆ? ಸಿಟ್ಟಾ?"

"ಸಿಟ್ಟಲ್ಲ. ಅಲ್ಲೂ ಮೊಲ ಇರುತ್ತಲ್ಲ. ಹೂ ಹೋದ್ರೆ ಮತ್ತೆ ನಿಮಗೆ ನಾನೇ ಹೊಳೀತೀನಿ."

ಅವನು ನಿಧಾನವಾಗಿ, "ಹಾಗಾದ್ರೆ ಇಲ್ಲಿಗೇ?"

"ಇಲ್ಲಿಗಾದ್ರೆ ಬರ್ತೀನಿ. ಒಟ್ಟಿಗೆ. ಒಂದೇ ಕಾರಲ್ಲಿ."

"ಯಾರ ಕಾರಲ್ಲಿ?"

"ನಿಮ್ದರಲ್ಲಿ. ಮನೆ ಬಾಗಿಲಿಂದ ಹತ್ತಿಸ್ಕೊಳ್ಳಿ, ಮನೆ ಬಾಗಿಲಿಗೇ ಇಳಿಸಿ."

ಇಬ್ಬರೂ ತಮ್ಮ ತಮ್ಮ ಕಾರಿನಲ್ಲಿ ಕೂತರು. ಇಬ್ಬರೂ ಎಂಜಿನ್ ಚಾಲೂ ಮಾಡಿದರು. ಯಾರೂ ಹೊರಡಲಿಲ್ಲ. ಅವಳು ಕೈಗವಸು ಸರಿಮಾಡಿಕೊಂಡಳು, ಅವನು ಸುಮ್ಮನೆ ಗಾಜು ಒರೆಸಿದ. ಕೊನೆಗೆ ದಾಲ್ಸು ಗಾಜು ಇಳಿಸಿದ.

"ನೀವು ಮುಂದೆ ನಡೀರಿ ಟೀಚರಮ್ಮ. ನಾನು ಹಿಂದಿರ್ತೀನಿ."

ಓಕ್‌ಜು ಅವನನ್ನೇ ನೋಡಿದಳು. ಅವನೂ ತಾನಾಡಿದ್ದು ಕೇಳಿಸಿಕೊಂಡವನಂತೆ ಕೆಂಪಾದ. ಅವಳು ಕಾರನ್ನು ರಸ್ತೆಗೆ ಇಳಿಸಿದಳು. ಇಕ್ಕಟ್ಟಾದ ಸೇತುವೆ ದಾಟುವವರೆಗೂ ಅವಳ ಕಣ್ಣು ಕನ್ನಡಿಯ ಮೇಲೇ ಇತ್ತು. ಬಿಳಿ ಕಾರು ಹಿಂದೆಯೇ ಬರುತ್ತಿತ್ತು.