ಕಿವಿಯಲ್ಲಿ ಹೇಳಿದ ಹೆಸರು

ಬ್ಯಾಡಗಿಯ ಮೆಣಸಿನಕಾಯಿ ಅಂಗಳದಲ್ಲಿ ತೊಟ್ಟು ಬಿಡಿಸಲು ಕುಳಿತ ಹೆಂಗಸರಿಗೆ ಕೈತುಂಬ ಕೆಲಸ, ಬಾಯಿಗೆ ಪೂರಾ ಬಿಡುವು. ಮೂಗಿಗೆ ಸೆರಗು ಕಟ್ಟಿಕೊಂಡೇ ಮಾತಾಡುತ್ತಾರೆ, ಸೀನುತ್ತಾರೆ, ಸೀನಿ ಮುಗಿದ ಮೇಲೆ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಾರೆ.

ಅವತ್ತು ಮಾತು ಹೆಸರುಗಳ ಮೇಲೆ ಬಂತು. ಆಯಿಶಾಳ ಅಕ್ಕನಿಗೆ ಹೆಣ್ಣುಮಗು ಹುಟ್ಟಿತ್ತು. ಊರಲ್ಲಿ ಯಾರಿಗೂ ಇಲ್ಲದ ಹೆಸರೇ ಬೇಕು, ಅದಕ್ಕೊಂದು ಒಳ್ಳೆಯ ಅರ್ಥವೂ ಇರಬೇಕು ಎಂದು ಅಕ್ಕ ಹಟ ಹಿಡಿದಿದ್ದಳಂತೆ. ಊಟದ ಹೊತ್ತಿನಲ್ಲಿ ಆಯಿಶಾ ಮೊಬೈಲು ತೆಗೆದು ಒಂದೊಂದೇ ಹೆಸರು ಓದಿದಳು. ಓದಿ ಓದಿ ಬೇಸತ್ತು, ಕೊನೆಗೆ ಸುತ್ತ ಕುಳಿತವರ ಹೆಸರುಗಳನ್ನೇ ಹುಡುಕತೊಡಗಿದಳು.

“ನನ್ನ ಹೆಸರಿಗೆ ಬದುಕಿರಾಕಿ ಅಂತ ಅರ್ಥ ಐತಂತ ನೋಡ್ರಿ. ಮೀನಾಕ್ಷಿ ಅಂದ್ರ ಮೀನಿನಂಥ ಕಣ್ಣಿನಾಕಿ.”

ಮೀನಾಕ್ಷಿ ಖಾರಕ್ಕೆ ಕೆಂಪೇರಿದ ಕಣ್ಣು ಒರೆಸಿಕೊಂಡಳು. “ಹಂಗಾರ ಹುರಿದ ಮೀನ ಇರಬೇಕು ತಗಿ.”

ಗುಡ್ಡವ್ವನ ಹೆಸರು ಮೊಬೈಲಿನಲ್ಲಿ ಸಿಗಲಿಲ್ಲ. ಅದಕ್ಕೆ ಆಕೆಯೇನೂ ಬೇಜಾರು ಮಾಡಿಕೊಳ್ಳಲಿಲ್ಲ. “ನಂದಕ್ಕ ಮೊಬೈಲ ಯಾಕ ಬೇಕು? ನಮ್ಮವ್ವ ಗುಡ್ಡದ ದೇವಿಗೆ ಹರಕಿ ಹೊತ್ತು, ಬೇಡಿ ಬೇಡಿ ನನ್ನ ಹಡದಾಳ,” ಎಂದು ಜಂಬದಿಂದ ಹೇಳಿದಳು.

ಆಯಿಶಾ ಮೂಲೆಯಲ್ಲಿ ಬುತ್ತಿ ಬಿಚ್ಚಿದ್ದ ಮುದುಕಿಯ ಕಡೆ ತಿರುಗಿದಳು. “ಯಕ್ಕಾ, ನಿಮ್ಮ ಹೆಸರೇನ್ರಿ?”

ಮುದುಕಿ ಆ ಅಂಗಳಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಇಲ್ಲಿ ಎಲ್ಲರಿಗೂ ಆಕೆ ಯಕ್ಕ. ಬಾಡಿಗೆ ಖೋಲಿಯ ಓಣಿಯಲ್ಲಿ ಮೆಣಸಿನಕಾಯಿ ಅಜ್ಜಿ. ಹೆಸರು ಕೇಳಿದವರಲ್ಲಿ ಇವಳೇ ಮೊದಲು.

“ಸಾಕವ್ವ.”

ಆಯಿಶಾ ಬೆರಳಾಡಿಸಿ ನೋಡಿದಳು. “ಇಲ್ರಿ, ಬರವಲ್ದು.”

“ಅದನ್ನೇನ ಹುಡುಕ್ತಿ?” ಗುಡ್ಡವ್ವ ನಡುವೆ ಬಾಯಿ ಹಾಕಿದಳು. “ಹೆಣ್ಣು ಸಾಕಪ್ಪೋ ಸಾಕು ಅಂತ ಇಟ್ಟಿರ್ತಾರ. ಮುಂದಿಂದರ ಗಂಡಾಗಲಿ ಅಂತ!”

ಎಲ್ಲರೂ ನಕ್ಕರು. ಸಾಕವ್ವನೂ ನಕ್ಕಳು. ಅರವತ್ತೆರಡು ವರ್ಷದಿಂದ ಈ ನಗೆಗೆ ಜೊತೆಗೂಡಿ ಆಕೆಗೆ ರೂಢಿಯಾಗಿತ್ತು. ಆದರೆ ಅವತ್ತು ಅರ್ಧ ರೊಟ್ಟಿ ಮಿಗಿಸಿ ಬುತ್ತಿ ಕಟ್ಟಿದಳು.

ಗುಡ್ಡವ್ವ ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ಕರ್ಜಗಿಯ ತವರುಮನೆಯಲ್ಲಿ ಸಾಕವ್ವ ಐದನೇ ಹೆಣ್ಣು. ಆಕೆಯ ಬೆನ್ನಿಗೆ ಗಂಡು ಹುಟ್ಟಿದಾಗ, ಹೆಸರು ಕೆಲಸ ಮಾಡಿತು ಎಂದು ಮನೆಯವರು ಸಕ್ಕರೆ ಹಂಚಿದರು. ಹೆಸರು ಅಷ್ಟಕ್ಕೇ ಸುಮ್ಮನಾಗಲಿಲ್ಲ. ಹೊಸ ಬಟ್ಟೆ ಇವಳಿಗೆ ಬರುವ ಹೊತ್ತಿಗೆ ನಾಲ್ಕು ಮೈ ಕಂಡು ಹಳತಾಗಿರುತ್ತಿತ್ತು. ಲಗ್ನಕ್ಕೂ ಬ್ಯಾಡಗಿಯ ಎರಡನೇ ಸಂಬಂಧವೇ ಸಾಕೆಂದರು. ಆ ಗಂಡ ಎಂಟು ವರ್ಷ ಬದುಕಿದ, ಮಕ್ಕಳಾಗಲಿಲ್ಲ. ಅಕ್ಕಂದಿರು, ತಮ್ಮ, ಒಬ್ಬೊಬ್ಬರಾಗಿ ಹೋದರು. ಬೇಡವಾದ ಹೆಸರೇ ಆಗಲಿ, ಅದನ್ನು ಕೂಗಲು ಒಂದು ಬಾಯಾದರೂ ಬೇಡವೇ? ಎಷ್ಟೋ ಸಂಜೆ ಸಾಕವ್ವ ಖೋಲಿಯ ಬಾಗಿಲು ಹಾಕಿಕೊಂಡು ತನ್ನ ಹೆಸರನ್ನು ತಾನೇ ಕರೆದುಕೊಂಡಿದ್ದಳು. ಹಾಗೆ ಕರೆದಾಗ ಖೋಲಿ ಇನ್ನಷ್ಟು ಖಾಲಿಯಾಗುತ್ತಿತ್ತು.

ಆ ಹೆಸರು ಇಟ್ಟವಳು ಸೋದರತ್ತೆ ಹೊಳಿಯವ್ವ. ತೊಟ್ಟಿಲಿಗೆ ಹಾಕುವ ದಿನ ಸೋದರತ್ತೆಯೇ ಬಗ್ಗಿ ಮಗುವಿನ ಕಿವಿಯಲ್ಲಿ “ಕುರ್ರ್” ಎಂದು ಹೆಸರು ಹೇಳಬೇಕು. ಬಗ್ಗಿದವಳ ಬೆನ್ನಿಗೆ ಉಳಿದ ಹೆಂಗಸರು ಗುದ್ದಬೇಕು. ಹಾಗೆ ಗುದ್ದಿಸಿಕೊಂಡು ಗಂಡನ ಊರಾದ ಐರಣಿಗೆ ಹೋದ ಹೊಳಿಯವ್ವ ಮತ್ತೆ ಕರ್ಜಗಿಯ ಹೊಸ್ತಿಲು ತುಳಿಯಲಿಲ್ಲ. ಹೆಸರಿಟ್ಟವಳಿಗೂ ತಾನು ಬೇಡವಾದೆ ಎಂದುಕೊಂಡೇ ಸಾಕವ್ವ ಬೆಳೆದಿದ್ದಳು. ಆದರೆ ಆ ದಿನದ ಸಂಗತಿ ಗೊತ್ತಿದ್ದವರಲ್ಲಿ ಈಗ ಉಸಿರಾಡುತ್ತಿದ್ದುದು ಆ ಅತ್ತೆಯೊಬ್ಬಳೇ. ನಾನು ಹುಟ್ಟಿದಾಗ, ಈಕೆ ಬೇಕು ಅಂದವರು ಒಬ್ಬರಾದರೂ ಇದ್ದರೇ? ಸಾಕವ್ವನಿಗೆ ತಿಳಿಯಬೇಕಾಗಿದ್ದು ಇಷ್ಟೇ. ಅತ್ತೆ ಕಣ್ಣು ಮುಚ್ಚಿದರೆ ಕೇಳಲು ಇನ್ನು ಯಾರೂ ಇರಲಿಲ್ಲ.

ಮರುದಿನ ಕೆಲಸ ಬಿಟ್ಟು ಬಸ್ಸು ಹತ್ತಿದಳು. ರಾಣೆಬೆನ್ನೂರಿನಲ್ಲಿ ಇಳಿದು ಅರ್ಧ ಡಜನ್ ಬಾಳೆಹಣ್ಣು ಕೊಂಡು, ಐರಣಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಳು. ಬಸ್ಸು ಇಷ್ಟು ಬೇಗ ಮುಟ್ಟಿಸುತ್ತದೆಂದು ಆಕೆ ಎಣಿಸಿರಲಿಲ್ಲ. ಅರವತ್ತೆರಡು ವರ್ಷದ ದೂರ ಒಂದು ಮುಂಜಾನೆಯಲ್ಲಿ ಮುಗಿದೇಹೋಯಿತು.

ಹೊಳಿಯವ್ವನಿಗೂ ಮಕ್ಕಳಿರಲಿಲ್ಲ. ಮೈದುನನ ಮೊಮ್ಮಗನ ಹೆಂಡತಿ ಮಹೇಶ್ವರಿ ನೋಡಿಕೊಳ್ಳುತ್ತಿದ್ದಳು. “ಬರ್ರಿ, ಕುಂದ್ರಿ,” ಎಂದು ಕಂಬಳಿ ಹಾಸಿದಳು. “ನಾಕ ದಿನಾತು, ಅಜ್ಜಿ ಏನೂ ತಿನ್ನವಲ್ಲಳ್ರಿ. ಮಾತೇನೋ ಚಲೋ ಆಡ್ತಾಳ.”

ಗೋಡೆಯ ಪಕ್ಕ ಚಾದರದೊಳಗೆ ಒಂದು ಹಿಡಿಯಷ್ಟು ಜೀವ ಮಲಗಿತ್ತು. “ಯಾರು?”

“ಕರ್ಜಗಿಯಾಕಿ. ನಿನ್ನ ಅಣ್ಣನ ಐದನೇ ಮಗಳು.”

ಮುದುಕಿ ಮುಖವನ್ನು ಗೋಡೆಗೆ ತಿರುಗಿಸಿದಳು. “ಬಯ್ಯಾಕ ಬಂದಿಯೇನ?”

“ಕೇಳಾಕ ಬಂದೇನಿ ಅತ್ತಿ. ನನ್ನ ಕಿವ್ಯಾಗ ‘ಸಾಕು’ ಅಂತ ಯಾಕ ಅಂದಿ?”

“ಸಾಕು ಅನ್ನಲಿಲ್ಲವ್ವ.” ಮುದುಕಿ ಗೋಡೆಗೇ ಹೇಳಿದಳು. “ಐದನೇದು ಹೆಣ್ಣು ಅಂತ ನಿಮ್ಮ ಮನ್ಯಾಗ ಯಾರೂ ಹೆಸರ ವಿಚಾರ ಮಾಡಿದ್ದಿಲ್ಲ. ತಿಳದಿದ್ದ ಇಡು ಅಂದ್ರು. ನನಗ ಲಗ್ನಾಗಿ ಆರ ವರ್ಷ ಆಗಿತ್ತು, ಮಡಲ ತುಂಬಿದ್ದಿಲ್ಲ. ತೊಟ್ಟಿಲಕ್ಕ ಬಗ್ಗಿದ್ನಿ, ನೀ ನನ್ನ ಬೆರಳ ಹಿಡಕೊಂಡಿ. ಇಡಬೇಕಂತಿದ್ದ ಹೆಸರ ಎಲ್ಲಿ ಹೋತೋ! ‘ನಿನ್ನ ನಾ ಸಾಕ್ತೇನಿ’ ಅಂದುಬಿಟ್ನಿ.”

ಸಾಕವ್ವ ಬಾಳೆಹಣ್ಣಿನ ಚೀಲ ನೆಲಕ್ಕಿಟ್ಟು ಹತ್ತಿರ ಸರಿದಳು.

“ಬೆನ್ನಿಗೆ ಧಬಾಧಬಾ ಗುದ್ದಾಕತ್ತಿದ್ರು. ಯಾವಾಕಿನೋ ಅರ್ಧಾ ಕೇಳಿ, ‘ಸಾಕು ಅಂದ್ಳು, ಸಾಕವ್ವ ಅಂದ್ಳು’ ಅಂತ ಒದರಿದ್ಳು. ಎಲ್ಲಾರೂ ನಕ್ರು. ‘ಖರೇನ ಐತಿ, ಹೆಣ್ಣು ಸಾಕು, ಅದನ್ನ ಕರೀರಿ’ ಅಂದ್ಳು ನಿಮ್ಮಜ್ಜಿ.”

“ನೀ ಯಾಕ ಸುಮ್ಮನಾದಿ?”

“ಗಂಡನ್ನ ಕೇಳಿರಲಿಲ್ಲ. ಊರಿಗೆ ಬಂದು ಕೇಳಿದ್ನಿ. ಆ ಕೂಸನ್ನ ತಂದ್ರ ನೀನೂ ತವರಾಗ ಇದ್ದಬಿಡು ಅಂದ. ಅಷ್ಟ್ರಾಗ ನಿನ್ನ ತಲಿಗೆ ಹಾಕಾಕ ಒಂದು ಕುಂಚಿಗಿ ಹೊಲದಿದ್ನಿ, ಹಸರ ಖಣದ್ದು. ಭಾಳ ವರ್ಷ ಪೆಟ್ಟಿಗ್ಯಾಗ ಇತ್ತು. ಒಂದ ಚಳಿಗಾಲದಾಗ ತಾಯಿ ಸತ್ತ ಆಡಿನ ಮರಿಗೆ ತೊಡಿಸಿದ್ನಿ.” ಮುದುಕಿ ಸ್ವಲ್ಪ ಉಸಿರು ತೆಗೆದುಕೊಂಡಳು. “ಮಾತ ಕೊಟ್ಟು ಕೈ ಬಿಟ್ಟಾಕಿ. ಯಾವ ಮಾರಿ ಹೊತ್ತು ಕರ್ಜಗಿಗೆ ಬರಲಿ?”

ಸಾಕವ್ವನಿಗೆ ಸಂತೋಷವಾಗಬೇಕಿತ್ತು. ಆದರೆ ಸಿಟ್ಟು ಬಂತು. ಅಂಗಳದಲ್ಲಿ ನಕ್ಕವರ ಮೇಲಲ್ಲ, ಸತ್ತ ಅಜ್ಜಿಯ ಮೇಲೂ ಅಲ್ಲ. ಒಂದು ಬಸ್ಸು ಬದಲಿಸಿದರೆ ಮುಟ್ಟುವ ದೂರದಲ್ಲಿ ಈ ಮಾತು ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕುಳಿತಿತ್ತಲ್ಲ ಎಂದು ಸಿಟ್ಟು. ಅವಮಾನವೆಂದು ಹೊತ್ತು ತಿರುಗಿದ್ದು ಒಬ್ಬಾಕೆಯ ಆಸೆಯಾಗಿತ್ತು. ಆ ಆಸೆಯೂ ಇಲ್ಲಿ, ಈ ಗೋಡೆಯ ಪಕ್ಕ, ಆಕೆಯಷ್ಟೇ ಒಂಟಿಯಾಗಿ ಮುದಿಯಾಗಿತ್ತು. ಬಯ್ಯಲು ಬಾಯಿ ತೆರೆದಳು, ಅಳು ಬಂತು.

ಮಹೇಶ್ವರಿ ಗಂಜಿಯ ಬಟ್ಟಲು ತಂದು, ಎಂದಿನಂತೆ ಒಂದು ಸಲ ಕೇಳಿ ಒಯ್ಯುವವಳಿದ್ದಳು. ಸಾಕವ್ವ ಕಣ್ಣೊರೆಸಿಕೊಂಡು ಬಟ್ಟಲು ಇಸಿದುಕೊಂಡಳು. ಅತ್ತೆಯ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡಳು. ಮೆಣಸಿನಕಾಯಿಯ ಖಾರ ಬೆರಳಿಗೆ ಅಂಟಿದ್ದೀತೆಂದು ಚಮಚದಲ್ಲೇ, ಊದಿ ಊದಿ, ತುಟಿಗೆ ಹಿಡಿದಳು.

ಹೊಳಿಯವ್ವ ಬಾಯಿ ತೆರೆದಳು. ಒಂದು ಗುಟುಕು ಇಳಿಯಿತು, ಎರಡನೆಯದೂ ಇಳಿಯಿತು. ಮೂರನೆಯದು ನುಂಗಿ, ಚಾದರದಿಂದ ಕೈ ಹೊರಗೆ ತೆಗೆದು ಸಾಕವ್ವನ ಬೆರಳು ಹಿಡಿದುಕೊಂಡಳು.

“ಸಾಕು,” ಎಂದಳು.

ಗಂಜಿಗೆ ಅಂದಳೋ, ಕರೆದಳೋ ತಿಳಿಯಲಿಲ್ಲ. ಸಾಕವ್ವ ಬಟ್ಟಲು ಕೆಳಗಿಟ್ಟಳು. ಆಮೇಲೆ, ಯಾವುದಕ್ಕೂ ಇರಲಿ ಎಂದು, “ಓ” ಎಂದಳು.