ಒಂದೇ ಒಂದು ಸಲ ಪರಮ ಪ್ರಸಾದ

ತಾನು ಬಹಳ ಉದಾರಿ ಎಂದು ರುಡೊಲ್ಫ್ ಗಟ್ಟಿಯಾಗಿ ನಂಬಿದ್ದ. ಹಿರಿಮಗಳು ನತಾಶಾ ಮನೆಯವರ ಕ್ಯಾಥೊಲಿಕ್ ಇಗರ್ಜಿ ಬಿಟ್ಟು, ಸಂತರಿಗೆ ಮೊಂಬತ್ತಿ ಹಚ್ಚದ, ಮಾತೆ ಮರಿಯಮ್ಮನ ಹಾಡು ಹೇಳದ ಪ್ರೊಟೆಸ್ಟಂಟರ ಸಣ್ಣ ಕೂಟವೊಂದನ್ನು ಸೇರಿದಾಗ ಮನೆಯ ಬಾಗಿಲು ಹಾಕಿರಲಿಲ್ಲವಲ್ಲ! "ನಿನ್ನ ಪ್ರಾರ್ಥನೆ ನಿನಗೆ" ಅಂದಿದ್ದ. ಅಷ್ಟಕ್ಕೇ ಊರವರು ತನಗೆ ಸನ್ಮಾನ ಮಾಡಬೇಕೆಂಬಂತೆ ಓಡಾಡಿಕೊಂಡಿದ್ದ.

ಈಗ ಕಿರಿಮಗಳು ಸ್ಟೇಸಿಯ ಮದುವೆ ಬಂತು. ಮದುವೆಗೆ ಮುಂಚೆ ಗಲ್ಫಿನ ಖಾಲಿದಿಯಾದಲ್ಲಿದ್ದ ಅವರ ಫ್ಲ್ಯಾಟಿನಲ್ಲಿ ರೋಸ್, ಅಂದರೆ ಅಪ್ಪ ಅಮ್ಮ ಮೊದಲಾಗಿ ಮನೆಮಂದಿ ಮದುಮಗಳಿಗೆ ತೆಂಗಿನ ಹಾಲು ಹಚ್ಚಿ ಹರಸುವ ಶಾಸ್ತ್ರ. ಅಮ್ಮ ಬೆಟ್ಟಿ ತೀರಿಕೊಂಡ ಮೇಲೆ ತಂಗಿಯನ್ನು ಸಾಕಿದವಳು ನತಾಶಾ. ಅಮ್ಮನ ಜಾಗದಲ್ಲಿ ನಿಲ್ಲಬೇಕಾದವಳೂ ಅವಳೇ. ರುಡೊಲ್ಫನ ಔದಾರ್ಯಕ್ಕೆ ಬೇಲಿ ಎದುರಾದದ್ದು ಅಲ್ಲಿ.

"ರೋಸಿಗೆ ಇಗರ್ಜಿ ಕಮಿಟಿಯವರೆಲ್ಲ ಬರ್ತಾರೆ. ಅಮ್ಮನ ಜಾಗದಲ್ಲಿ ನಿಲ್ಬೇಕಾದ್ರೆ ಭಾನುವಾರದ ಪೂಜೆಗೆ ಬಂದು ಎಲ್ಲರೆದುರು ಒಂದೇ ಒಂದು ಸಲ ಪಾದ್ರಿಗಳ ಕೈಯಿಂದ ಪರಮ ಪ್ರಸಾದ ತಗೊ. ಮತ್ತೆ ನಿನ್ನ ಕೂಟಕ್ಕೆ ಹೋಗು, ಯಾರು ಬೇಡ ಅಂದ್ರು?"

ನತಾಶಾ ಅಲ್ ಐನಿನ ಶಾಲೆಯೊಂದರಲ್ಲಿ ಇತಿಹಾಸದ ಟೀಚರು. "ಪಪ್ಪಾ, ಈ ವಾರ ಇದೇ ಪಾಠ ಮಾಡಿದ್ದು. ಹಿಂದೆ ಇಂಗ್ಲೆಂಡಿನಲ್ಲಿ ನಮ್ಮಂಥವರು ಬೇರೆ ಕಡೆ ಪ್ರಾರ್ಥನೆ ಮಾಡಬಹುದು ಅಂತ ಕಾನೂನು ಬಂತು. ಆದ್ರೆ ಸರಕಾರಿ ಹುದ್ದೆ ಬೇಕಾದ್ರೆ ರಾಜನ ಚರ್ಚಿನಲ್ಲೇ ಪ್ರಸಾದ ತಗೊಳ್ಬೇಕು. ಕೆಲವರು ಹುದ್ದೆಗೋಸ್ಕರ ಹೋಗಿ ತಗೊಂಡು ಬರ್ತಿದ್ರು. 'ಮಿಸ್, ಇಸಂಟ್ ದಟ್ ಲೈಯಿಂಗ್?' ಅಂತ ಒಬ್ಬಳು ಕೇಳಿದ್ಳು. ನಾನು ಎಂತ ಹೇಳ್ಲಿ?"

"ಇಂಗ್ಲೆಂಡಿನ ಕಥೆ ಯಾರಿಗೆ ಬೇಕು!" ರುಡೊಲ್ಫ್ ಸಿಡುಕಿದ. "ಪ್ರಸಾದ ತಗೊಳ್ಳದಿದ್ರೆ ರೋಸಿಗೆ ಬಾ, ಊಟ ಮಾಡು. ತೆಂಗಿನ ಹಾಲು ಮಾತ್ರ ಮುಟ್ಟಬೇಡ."

ಅವಳು ಪ್ರಸಾದ ತಗೊಳ್ಳಲಿಲ್ಲ. ರೋಸಿನ ದಿನ ಅಡುಗೆಮನೆ ಸೇರಿ ಬಂದವರಿಗೆ ಶರಬತ್ತು ಮಾಡುತ್ತಿದ್ದಳು. ಮಣೆಯ ಮೇಲೆ ಕೂತ ಸ್ಟೇಸಿಯ ಕಣ್ಣು ಆ ಬಾಗಿಲ ಕಡೆಗೇ ಇತ್ತು. ರುಡೊಲ್ಫ್ ಮಾತ್ರ ಆ ಕಡೆ ನೋಡದೆ ಬಿಗುಮಾನದಿಂದ ಬಂದವರನ್ನು ಕೂರಿಸುತ್ತಿದ್ದ.

"ದೊಡ್ಡವಳು ಎಲ್ಲಿ?" ಎಂದ ಅಲಿಯಬ್ಬ. ಗಲ್ಫಿಗೆ ಬಂದ ಹೊಸತರಲ್ಲಿ ಮದೀನತ್ ಜಾಯೆದಿನಲ್ಲಿ ಇಬ್ಬರದೂ ಒಂದೇ ರೂಮು. ರುಡೊಲ್ಫ್ ಅವನ ಕಿವಿಯಲ್ಲಿ ವಿಷಯ ಹೇಳಿದ.

ಅಲಿಯಬ್ಬ ಅವನನ್ನೇ ನೋಡಿದ. "ಅಲ್ಲ ಮಾರಾಯ, ನೀನು ದಿನಾ ಜಪಮಾಲೆ ಮಾಡುವಾಗ ನಾನು ಟಿವಿ ಬಂದ್ ಮಾಡಿ ಕೂತ್ಕೊಳ್ತಿದ್ದೆ. ಮೊದಲು ಒಂದು ಹೊತ್ತು ನಮಾಜ್ ಮಾಡು, ಮತ್ತೆ ನಿನ್ನ ಜಪ ಮಾಡು ಅಂತ ಯಾವತ್ತಾದ್ರೂ ಹೇಳಿದ್ದುಂಟಾ?"

ರುಡೊಲ್ಫನಿಗೆ ಮೊದಲು ಸಿಟ್ಟು ಬಂತು. ಆಮೇಲೆ ಸಿಟ್ಟಿಗಿಂತ ದೊಡ್ಡ ನಾಚಿಕೆ ಬಂತು. ತೆಂಗಿನ ಹಾಲಿನ ಬಟ್ಟಲು ಎತ್ತಿಕೊಂಡು ಅಡುಗೆಮನೆಗೆ ನಡೆದ.

"ಬಾ. ಅಮ್ಮನ ಜಾಗ ಖಾಲಿ ಉಂಟು."

"ಪ್ರಸಾದ ತಗೊಳ್ಳದೆಯಾ?"

"ಹ್ಞೂಂ. ಮರಿಯಮ್ಮನ ಹಾಡು ಹೇಳುವಾಗ ಜೊತೆಗೆ ನಿಲ್ತೀಯಲ್ಲ?"

"ನಿಲ್ತೇನೆ ಪಪ್ಪಾ. ಹಾಡುವುದಿಲ್ಲ."

ರುಡೊಲ್ಫ್ "ಸಾಕು" ಎಂದು ಬಟ್ಟಲನ್ನು ಅವಳ ಕೈಗಿಟ್ಟ.

ಅಕ್ಕನ ಬೆರಳು ಹಣೆಗೆ ತಾಗಿದ್ದೇ ಸ್ಟೇಸಿ ಬಿಕ್ಕಿದಳು. ಕಮಿಟಿಯ ಹಿರಿಯರೊಬ್ಬರು ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಅವರು ಮಾತು ತೆಗೆಯುವ ಮೊದಲೇ ರುಡೊಲ್ಫ್ ದೊಡ್ಡ ದನಿಯಲ್ಲಿ ಹಾಡು ಶುರು ಮಾಡಿದ. ನತಾಶಾ ಬಾಯಿ ಮುಚ್ಚಿಕೊಂಡು ಅಪ್ಪನ ಪಕ್ಕದಲ್ಲೇ ನಿಂತಳು.